ಬಾಗಿಲಿಲ್ಲದ ಹಂತ

ಹಗಲೆಲ್ಲ ಕೋಟ್ಕಾ ಬಂದರಿನಲ್ಲಿ
ನಲವತ್ತು ಮೀಟರ್ ಮೇಲಿನ ಗಾಜಿನ ಗೂಡಿನಲ್ಲಿ ಕೂತು
ಕಂಟೇನರ್ ಎತ್ತುತ್ತೇನೆ, ಇಳಿಸುತ್ತೇನೆ.
ಕೆಂಪಿನ ಮೇಲೆ ನೀಲಿ, ನೀಲಿಯ ಪಕ್ಕ ತುಕ್ಕು.
ಒಂದು ಗೇಣು ತಪ್ಪಿದರೂ
ಕೆಳಗಿರುವ ತೂರೆ ರೇಡಿಯೋದಲ್ಲಿ ನನ್ನ ಜನ್ಮ ಜಾಲಾಡುತ್ತಾನೆ.

ರಾತ್ರಿ ಮನೆಯಲ್ಲೂ ಅದೇ ಕಸುಬು, ಅಳತೆ ಮಾತ್ರ ಬೇರೆ:
ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ,
ಒಂದು ಇಟ್ಟಿಗೆ, ಒಂದು ಹುಲ್ಲು, ಒಂದು ಮುಳ್ಳು.
ಹಳೇ ಕಾಲದ ಜಿಗಿದಾಟಗಳನ್ನು ಕಟ್ಟುವುದಕ್ಕೆಂದು
ಏಳು ಚಳಿಗಾಲ ಕೂತು ಬರೆದ ಎಡಿಟರ್ ಇದು.
ಎಡಗಡೆ ಚೌಕಗಳ ಪೆಟ್ಟಿಗೆ, ಬಲಗಡೆ ಬರೀ ಆಕಾಶ.
ಒತ್ತಿದರೆ ನೆಲ. ಮತ್ತೆ ಒತ್ತಿದರೆ ನೆಲವಿಲ್ಲ.
ಬಣ್ಣ ಹದಿನಾರೇ. ಹೆಚ್ಚು ಕೇಳಬೇಡಿ.
ನನಗೆ ಹತ್ತು ವರ್ಷವಾಗಿದ್ದಾಗ ಇದ್ದದ್ದೇ ಅಷ್ಟು;
ಅಷ್ಟರಲ್ಲೇ ಕಾಡು, ಕೋಟೆ, ಬೆಂಕಿ, ಬೆಳದಿಂಗಳು
ಎಲ್ಲ ಆಗಿಹೋಗುತ್ತಿತ್ತು.

ನಿಯಮಗಳೂ ನನ್ನವೇ, ಕಟ್ಟುನಿಟ್ಟು:
ನಾಯಕ ನಾಲ್ಕು ಚೌಕ ಜಿಗಿಯಬಲ್ಲ,
ಓಡಿಬಂದರೆ ಐದು. ಆರನೆಯದು ಗುಂಡಿ.
ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದ ಹಾಗೆ,
ಕೂದಲೆಳೆ ತಾಗಿದರೂ ಔಟು, ವಾದ ನಡೆಯದು.

ಫೆಬ್ರವರಿಯ ಸ್ಕೀ ರಜೆಗೆ ಬಂದಳು ಕೈಸ್ಲಾ, ಅಕ್ಕನ ಮಗಳು,
ಒಂಬತ್ತು ವರ್ಷ, ಕೋರೆಹಲ್ಲು ಬಿದ್ದ ಬಾಯಿ.
ಮೊದಲ ದಿನವೇ ಕಾಲುಳುಕಿಸಿಕೊಂಡು ಮನೆಯಲ್ಲಿ ಉಳಿದಳು.
ಎಡಿಟರಿನ ಮುಂದೆ ಕೂರಿಸಿದೆ.
ಮುಳ್ಳು ಬೇಕಾ ಎಂದೆ. ಬೇಡ.
ಬೆಂಕಿಯುಂಡೆ? ಹಾರುವ ಗೂಬೆ? ಕುಸಿಯುವ ಸೇತುವೆ?
(ಸೇತುವೆಯೊಂದಕ್ಕೇ ನನಗೆ ಮೂರು ತಿಂಗಳು ಹಿಡಿದಿತ್ತು.)
ಬೇಡ, ಬೇಡ. ನೀನು ಆಚೆ ಹೋಗು.

ಬಂದು ನೋಡಿದರೆ
ಒಂದು ಕೆರೆ, ಅದರಲ್ಲಿ ಮೂರು ಬಂಡೆ,
ಕೋಟೆಯ ಇಟ್ಟಿಗೆಯಿಂದಲೇ ಕಟ್ಟಿದ ಪುಟ್ಟ ಸೌನಾ,
ಹೊಗೆಗೆಂದು ಮೋಡದ ಚೌಕವನ್ನು ತಲೆಕೆಳಗು ಮಾಡಿದ್ದಾಳೆ.
ಹಾಗೆ ಮಾಡಬಹುದೆಂದು ನನಗೇ ಗೊತ್ತಿರಲಿಲ್ಲ.
ನಾಣ್ಯಗಳೆಲ್ಲ ಮರದಲ್ಲಿ.
ಕೀಳುವಂತಿಲ್ಲವಂತೆ, ಇನ್ನೂ ಕಾಯಿ.
ದಡದಲ್ಲಿ ನಮ್ಮ ನಾಯಕ.

ಉಳಿಸಲು ಒತ್ತಿದಳು. ನನ್ನದೇ ಕೆಂಪು ಅಕ್ಷರ ಬಂತು:
ಬಾಗಿಲಿಲ್ಲ. ಹಂತವನ್ನು ಉಳಿಸಲಾಗದು.

ಬಾಗಿಲು ಯಾಕೆ?
ಮುಂದಿನ ಹಂತಕ್ಕೆ ಹೋಗಬೇಡವೇ?
ಇದು ಇವನ ಮನೆ. ಎಲ್ಲಿಗೆ ಹೋಗಬೇಕು?

ಆಟ ಅಂದಮೇಲೆ... ಗುರಿ ಅಂದಮೇಲೆ...
ಕಾಫಿ ಮಾಡುವ ನೆಪದಲ್ಲಿ ಎದ್ದೆ.

ಅವಳು ಮಲಗಿದ ಮೇಲೆ ಕೋಡು ತೆರೆದು
ಸಾವಿರದ ಇನ್ನೂರ ಹನ್ನೊಂದನೇ ಸಾಲನ್ನು ಅಳಿಸಿದೆ.
ಏಳು ವರ್ಷ ಕಾವಲಿಗೆ ನಿಂತಿದ್ದ ಸಾಲು.
ಏನೂ ಮುರಿದು ಬೀಳಲಿಲ್ಲ.
ಕಿಟಕಿಯಾಚೆ ಬಂದರಿನ ದೀಪಗಳು ಇದ್ದಲ್ಲೇ ಇದ್ದವು.

ಬೆಳಿಗ್ಗೆ ಅಳುತ್ತಾ ಎಬ್ಬಿಸಿದಳು:
ಸುಮ್ಮನೆ ನಿಂತಿದ್ದವನು ಸತ್ತುಹೋದ!
ನೋಡಿದೆ. ಗಡಿಯಾರ.
ಮುನ್ನೂರರಿಂದ ಇಳಿದಿಳಿದು ಸೊನ್ನೆ ಮುಟ್ಟಿದೆ,
ಇವನು ಕಾಲವಾಗಿದ್ದಾನೆ, ಮಾತಿಗೆ ಮಾತು ಸರಿಯಾಗಿ.
ಅದನ್ನು ಬರೆದದ್ದೂ ನಾನೇ:
ಮುಳ್ಳು ಬಿಟ್ಟರೂ, ಗೂಬೆ ಬಿಟ್ಟರೂ, ಹೊತ್ತು ಬಿಡಬಾರದೆಂದು.

ಗಡಿಯಾರ ತೆಗೆದೆ. ಆಮೇಲೆ ಕಂಡಿತು ಇನ್ನೊಂದು ಕೊರತೆ:
ಓಡಲು ಎಂಟು ಚಿತ್ರ, ಜಿಗಿಯಲು ಮೂರು, ಸಾಯಲು ಆರು,
ಸುಮ್ಮನಿರಲು ಒಂದೂ ಇಲ್ಲ.
ಭಾನುವಾರವಿಡೀ ಬಿಡಿಸಿದೆ.
ಕಾಲು ಚಾಚಿ ಕೂರುವುದು. ಟೋಪಿ ತೆಗೆದು ಪಕ್ಕಕ್ಕಿಡುವುದು.
ಟೋಪಿಯ ಕೆಳಗೆ ಅವನಿಗೆ ತಲೆಗೂದಲೇ ಇರಲಿಲ್ಲ;
ಇಷ್ಟು ವರ್ಷ ಯಾರೂ ತೆಗೆಸಿ ನೋಡಿರಲಿಲ್ಲ.
ಹದಿನೈದನೇ ಬಣ್ಣದಲ್ಲಿ ನಾಲ್ಕು ಚುಕ್ಕಿ ನರೆ ಇಟ್ಟೆ.

ಕೈಸ್ಲಾ ಲಾಹ್ತಿಯ ಬಸ್ಸು ಹತ್ತಿದಳು, ಕುಂಟುತ್ತಾ.
ಇವತ್ತು ಗಾಳಿ ಜೋರು, ಕ್ರೇನ್ ನಿಲ್ಲಿಸಿದ್ದಾರೆ.
ಗೂಡಿನಲ್ಲಿ ಕೂತೇ ಇದ್ದೇನೆ.
ಕೆಳಗೆ ಸಾಲುಸಾಲು ಪೆಟ್ಟಿಗೆ, ನಡುವೆ ಐದು ಪೆಟ್ಟಿಗೆಯಷ್ಟು ಖಾಲಿ;
ಓಡಿಬಂದರೆ ಜಿಗಿಯಬಹುದು ಎಂದು ಕಣ್ಣು ಅಳೆಯುತ್ತದೆ, ಅಭ್ಯಾಸ.
ಫೋನು ಗುಂಯ್‌ಗುಟ್ಟಿತು. ಅವಳ ದೂರು:
ಇವನಿಗೆ ಹಸಿವಾಗಿದೆ.
ನಿನ್ನ ಪೆಟ್ಟಿಗೆಯಲ್ಲಿ ಮೀನು ಯಾಕಿಲ್ಲ?